ನಂದಿಬಟ್ಟಲಿನ ಹಾಲು ಕಣ್ಣಿಗೆ ಬೇಡ

ಪ್ರಶ್ನೆ: ಹೋದ ತಿಂಗಳು ನನ್ನ ಆರು ವರ್ಷದ ಮಗನಿಗೆ ಕಣ್ಣು ಬೇನೆ ಬಂದಿತ್ತು. ಬೆಳಗ್ಗೆ ಎದ್ದರೆ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಮನೆ ಮುಂದಿನ ನಂದಿಬಟ್ಟಲು ಹೂವಿನ ರಸ ಎರಡು ತೊಟ್ಟು ಬಿಡು ಅಂದರು ನಮ್ಮತ್ತೆ. ನಾನು ಹೆದರಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅತ್ತೆಗೆ ಇನ್ನೂ ಬೇಜಾರು. ನಾನು ಮಾಡಿದ್ದು ಸರಿನಾ?
— ಓದುಗರೊಬ್ಬರು, ಮುಳಬಾಗಿಲು

ಉತ್ತರ: ಸರಿಯಾಗೇ ಮಾಡಿದ್ದೀರಿ ತಾಯಿ. ಆದರೆ ನಿಮ್ಮತ್ತೆಯವರ ಮಾತನ್ನೂ ತೆಗೆದುಹಾಕಬೇಡಿ. ನಂದಿಬಟ್ಟಲು ಕಣ್ಣಿಗೆ ಒಳ್ಳೆಯದು ಅನ್ನುವುದು ನಮ್ಮ ಕಡೆ ತಲೆತಲಾಂತರದಿಂದ ಬಂದ ಮಾತು. ನಮ್ಮಮ್ಮ ರಾತ್ರಿ ಹಿತ್ತಾಳೆ ಬಟ್ಟಲಿನಲ್ಲಿ ನೀರು ತುಂಬಿ ಏಳೆಂಟು ಹೂ ತೇಲಿಬಿಡುತ್ತಿದ್ದರು. ರಾಗಿ ಕಣದಿಂದ ಬಂದವರ ಕಣ್ಣೆಲ್ಲ ಹೊಟ್ಟಿನ ಧೂಳಿಗೆ ಉರಿಯುತ್ತಿತ್ತು. ಬೆಳಗ್ಗೆ ಆ ತಣ್ಣನೆ ಹೂಗಳನ್ನು ಮುಚ್ಚಿದ ರೆಪ್ಪೆ ಮೇಲೆ ಇಟ್ಟು, ಅರ್ಧ ಗಂಟೆ ಜಗಲಿಯಲ್ಲಿ ಮಲಗಿಸುತ್ತಿದ್ದರು. ಎಷ್ಟು ಹಿತ ಅಂತೀರಿ! ಅದನ್ನು ನೀವೂ ಮಾಡಬಹುದು. ಕಣ್ಣು ಮುಚ್ಚಿರಬೇಕು, ಹೂ ಮೇಲಿರಬೇಕು, ಅಷ್ಟೇ.

ರಸ ಒಳಗೆ ಬಿಡುವುದು ಬೇರೆ ಮಾತು. ಒಂದು ಹೂ ಕಿತ್ತು ತೊಟ್ಟಿನ ತುದಿ ನೋಡಿ. ಬಿಳಿ ಹಾಲು ಬೊಟ್ಟಿನಂತೆ ಉಕ್ಕಿ ನಿಲ್ಲುತ್ತದೆ, ಬೆರಳಿಗೆ ತಾಗಿದರೆ ಅಂಟಂಟು. ನನಗೆ ಒಂಬತ್ತು ವರ್ಷ ಇದ್ದಾಗ ಪೂಜೆಗೆ ಹೂ ಕೀಳುತ್ತಾ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ. ಮೆಣಸಿನಕಾಯಿ ಹಿಂಡಿದ ಹಾಗೆ ಉರಿಯಿತು. ಅಜ್ಜಿ ತಲೆ ಬಗ್ಗಿಸಿ ಬಾವಿ ನೀರು ಕೊಡಗಟ್ಟಲೆ ಸುರಿದರು. ಮೂರು ದಿನ ಕಣ್ಣು ಕೆಂಪಗೇ ಇತ್ತು. ಹೂ ಜಜ್ಜಿದಾಗ ಈ ಹಾಲೂ ರಸದಲ್ಲಿ ಸೇರುತ್ತದೆ, ಜೊತೆಗೆ ಧೂಳು, ಸಣ್ಣ ಹುಳ. ಪಿಸುರು ಬರುವ ಕಣ್ಣಿಗೆ ಅದು ಖಂಡಿತ ಬೇಡ. ಆ ಬೇನೆ ಮನೆಮಂದಿಗೆಲ್ಲ ಅಂಟುತ್ತದೆ. ಟವೆಲ್, ದಿಂಬು ಬೇರೆ ಮಾಡಿ, ಡಾಕ್ಟರಿಗೆ ತೋರಿಸುವುದೇ ದಾರಿ.

ಇನ್ನೊಂದು ಮಾತು ಹೇಳಲೇಬೇಕು. ಹಲ್ಲುನೋವಿಗೆ ನಂದಿಬಟ್ಟಲಿನ ಬೇರು ಜಗಿಯುವ ರೂಢಿಯೂ ಇದೆ. ದಯವಿಟ್ಟು ಮಾಡಬೇಡಿ. ಇದರ ಬೇರು, ತೊಗಟೆಯಲ್ಲಿ ನರಗಳ ಮೇಲೆ ಕೆಲಸ ಮಾಡುವ ಕಟುವಾದ ಅಂಶಗಳಿವೆ. ಅದಕ್ಕಿಂತ ದೊಡ್ಡ ಭಯ ಕಣಗಿಲೆಯದು. ಎರಡೂ ಒಂದೇ ಕುಟುಂಬದ ಗಿಡ, ಎರಡೂ ಪೂಜೆಗೆ ಬರುತ್ತವೆ, ಬಿಳಿ ಹೂವಿನ ಕಣಗಿಲೆಯೂ ಇದೆ. ಬೇರು ಅಗೆದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಕಣಗಿಲೆ ಎಲೆ, ಹೂ, ಕಡ್ಡಿ, ಬೇರು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಲೆ ನೋಡಿ ಗುರುತು ಹಿಡಿಯಿರಿ. ಕಣಗಿಲೆಯದು ಕತ್ತಿಯಂತೆ ಉದ್ದ, ಕಿರಿದು, ದಪ್ಪ. ಸಾಮಾನ್ಯವಾಗಿ ಒಂದು ಗೆಣ್ಣಿಗೆ ಮೂರು. ನಂದಿಬಟ್ಟಲಿನದು ಅಗಲ, ಹೊಳಪು, ಎದುರುಬದುರಾಗಿ ಎರಡೆರಡು. ಹೂವಿನ ಐದೆಸಳು ಗಿರಿಗಿಟ್ಲೆಯಂತೆ ಒಂದೇ ಕಡೆಗೆ ತಿರುಗಿರುತ್ತವೆ. ನಂದ್ಯಾವರ್ತ ಅನ್ನುವ ಸಂಸ್ಕೃತ ಹೆಸರಿನಲ್ಲಿ ಇರುವ ಆವರ್ತ ಅಂದರೆ ಸುತ್ತು, ಸುಳಿ. ನಮ್ಮ ಕೋಲಾರದಲ್ಲಿ ತೆಲುಗು ಮಾತಾಡುವ ಮನೆಗಳಲ್ಲಿ ನಂದಿವರ್ಧನಂ ಅನ್ನುತ್ತಾರೆ. ನಿಮ್ಮತ್ತೆಯವರೂ ಹಾಗೇ ಕರೆಯುತ್ತಾರೇನೋ, ಕೇಳಿ ನೋಡಿ. ಇವತ್ತು ರಾತ್ರಿ ಅವರ ಕೈಯಲ್ಲೇ ನಾಲ್ಕು ಹೂ ನೀರಿಗೆ ಹಾಕಿಸಿ. ಹೊಲಿಗೆ ಹಾಕಿ, ಮೊಬೈಲ್ ನೋಡಿ ದಣಿದ ನಿಮ್ಮ ಕಣ್ಣಿಗೂ ತಂಪು, ಅವರ ಬೇಜಾರೂ ಇಳಿಯುತ್ತದೆ.

ಪ್ರಶ್ನೆ: ನಂದಿಬಟ್ಟಲು ಕಡ್ಡಿ ನೆಟ್ಟರೆ ಬರುತ್ತದಾ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಬರುತ್ತದೆ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ತೆಗೆದುಕೊಳ್ಳಿ. ಕತ್ತರಿಸಿದ ಬಾಯಿಯ ಹಾಲು ಒರೆಸಿ, ಒಣಗಲು ಬಿಡಿ. ಕೆಂಪು ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ನೆರಳಲ್ಲಿ ನೆಡಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜಾಸ್ತಿ ಅಲ್ವಾ, ಅದಕ್ಕೆ ಸ್ವಲ್ಪ ಮುಂಚೆ ಇಟ್ಟರೆ ಚೆನ್ನಾಗಿ ಬೇರು ಬಿಡುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು. ನೆಟ್ಟ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.