ಸಾಫ್ಟ್‌ವೇರ್ ಪಬ್ಲಿಷರ್‌ಗೆ ಕೊಡಬೇಕಾ, ಟ್ರಯಲ್ ಬಿಟ್ಟು ನಾವೇ ಮಾರಬೇಕಾ?

ಫೋಟೊಗಳನ್ನು ದಿನಾಂಕದ ಪ್ರಕಾರ ವಿಂಗಡಿಸುವ ವಿಂಡೋಸ್ ಪ್ರೋಗ್ರಾಂ ಬರೆದಿದ್ದೀರಿ, ಬೆಲೆ 20 ಡಾಲರ್. ಶೇರ್‌ವೇರ್ ಥರ, ಅಂದರೆ ಮೊದಲು ಪುಕ್ಕಟೆ ಬಳಸಿ ನೋಡಲು ಟ್ರಯಲ್ ಬಿಟ್ಟು ಆಮೇಲೆ ಮಾರುವುದೋ, 7,000 ಡಾಲರ್ ಮುಂಗಡ ಕೊಡುತ್ತೇನೆ ಅನ್ನುವ ಪಬ್ಲಿಷರ್‌ಗೆ ಒಪ್ಪಿಸುವುದೋ ಅಂತ ಕೇಳಿದ್ದೀರಿ. ನೀವೇ ಮಾರಿ ಅಂತಲೇ ನಾನು ಹೇಳುತ್ತೇನೆ. ಗೇಮ್ ಆಗಿದ್ದರೆ ಯೋಚಿಸಬೇಕಿತ್ತು; ಅಲ್ಲಿ ಪ್ರಚಾರ, ಟೆಸ್ಟಿಂಗ್, ಕನ್ಸೋಲ್‌ಗೆ (ಗೇಮ್ ಆಡುವ ಯಂತ್ರಕ್ಕೆ) ಹೊಂದಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ.

ಲೆಕ್ಕ ನೋಡಿ. ಪಬ್ಲಿಷರ್ ಅದನ್ನು ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟರೆ 30% ಅಲ್ಲಿಗೇ ಹೋಗಿ 14 ಡಾಲರ್ ಉಳಿಯುತ್ತದೆ. ಅರ್ಧರ್ಧ ಅಂದರೂ ನಿಮಗೆ 7. ನೀವೇ ಪ್ಯಾಡಲ್ ಅನ್ನುವ ಆನ್‌ಲೈನ್ ಪಾವತಿ ಸೇವೆಯ ಮೂಲಕ ಮಾರಿದರೆ ಅವರ ಶುಲ್ಕ 5% ಮತ್ತು 50 ಸೆಂಟ್, ನಿಮ್ಮ ಕೈಗೆ 18.50. ಬೇರೆ ದೇಶಗಳ ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ವಸೂಲಿ ಮಾಡಿ ಕಟ್ಟುವುದೂ ಅವರದೇ ಜವಾಬ್ದಾರಿ. ಅಂದರೆ ನೀವು 100 ಪ್ರತಿ ಮಾರುವಲ್ಲಿ ಪಬ್ಲಿಷರ್ 265 ಮಾರಿದರೆ ಮಾತ್ರ ಸರಿಸಮ.

ಆದರೂ ಆ ಕಡೆ ಮನಸ್ಸಿದ್ದರೆ ಮುಂಗಡದ ಷರತ್ತನ್ನು ಅಕ್ಷರಕ್ಷರ ಓದಿ. ಹಂಚಿಕೆಗೆ ಮೊದಲೇ ಒಟ್ಟು ನಿವ್ವಳದಿಂದ ಮುರಿದುಕೊಳ್ಳುವುದಾದರೆ 500 ಪ್ರತಿಗೆ ಮುಂಗಡ ತೀರುತ್ತದೆ. ನಿಮ್ಮ ಪಾಲಿನಿಂದ ಮಾತ್ರ ಅಂತಿದ್ದರೆ 1,000 ಪ್ರತಿ ಹೋಗುವವರೆಗೂ ನಿಮಗೆ ಪೈಸೆ ಬರುವುದಿಲ್ಲ. ಜಾಹೀರಾತು ಖರ್ಚನ್ನೂ ಕಳೆದು ನಿವ್ವಳ ಲೆಕ್ಕ ಹಾಕುತ್ತಾರಾದರೆ ಅದಕ್ಕೊಂದು ಮಿತಿ ಬರೆಸಿ. ಹಕ್ಕು ಎಷ್ಟು ವರ್ಷಕ್ಕೆ, ಮಾರಾಟ ನಿಂತರೆ ವಾಪಸ್ ಬರುತ್ತದಾ, ಅವರ ಲೆಕ್ಕ ತಪಾಸಣೆ ಮಾಡಿಸಬಹುದಾ ಅನ್ನುವುದು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಲೇಬೇಡಿ.

ಇನ್ನು ಟ್ರಯಲ್. 1980ರ ದಶಕದ ಶುರುವಿನಲ್ಲಿ ಪೂರ್ತಿ ಪ್ರೋಗ್ರಾಂ ಫ್ಲಾಪಿಯಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು, ಹಿಡಿಸಿದರೆ ದುಡ್ಡು ಕಳಿಸಿ ಅನ್ನುವ ವಿನಂತಿ ಅಷ್ಟೆ. ಅಪೋಜಿ ಅನ್ನುವ ಗೇಮ್ ಕಂಪನಿಯ ಸ್ಕಾಟ್ ಮಿಲ್ಲರ್ 1987ರಲ್ಲಿ ಕ್ರೋಜ್ ಗೇಮಿನ ಮೊದಲ ಭಾಗ ಪುಕ್ಕಟೆ ಬಿಟ್ಟು ಉಳಿದದ್ದನ್ನು ಮಾರಿದರು. 1993ರ ಡೂಮ್ ಗೇಮಿನಲ್ಲೂ 27 ಹಂತಗಳಲ್ಲಿ 9 ಉಚಿತ. ಪುಕ್ಕಟೆ ಕೊಡುವುದರಲ್ಲಿ ಒಂದು ಕೆಲಸ ಪೂರ್ತಿ ಆಗಬೇಕು, ಮುಂದಿನದು ಬೇಕೇಬೇಕು ಅನ್ನಿಸಬೇಕು.

ಹಾಗಾಗಿ ಕ್ಯಾಲೆಂಡರ್ ನೋಡಿ 30 ದಿನ ಎಣಿಸಬೇಡಿ. ಪ್ರವಾಸ ಮುಗಿಸಿ ಬಂದಾಗಷ್ಟೇ ಫೋಟೊ ವಿಂಗಡಿಸುವವರು ಎರಡನೇ ಸಲ ತೆರೆಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಸೀದಾ ಅನ್‌ಇನ್‌ಸ್ಟಾಲ್ ಮಾಡುತ್ತಾರೆ. ಬಳಸಿದ ದಿನಗಳನ್ನು ಮಾತ್ರ ಎಣಿಸಿ, 15 ಧಾರಾಳವಾಯಿತು. ಅವಧಿ ಮುಗಿದ ಮೇಲೂ ಅವರ ಆಲ್ಬಂ ತೆರೆಯಲು, ಎಕ್ಸ್‌ಪೋರ್ಟ್ ಮಾಡಲು ಬಿಡಿ. ಜನರ ಡೇಟಾ ಒತ್ತೆ ಇಟ್ಟುಕೊಳ್ಳುವುದು ಅನ್ಯಾಯ.

ದುಡ್ಡು ಕೊಟ್ಟವರಿಗೆ ಪ್ರೋಗ್ರಾಂ ತೆರೆದುಕೊಡುವ ಲೈಸೆನ್ಸ್ ಕೀಗೆ, ಕೊಂಡವರ ಇಮೇಲ್ ವಿಳಾಸವನ್ನು ನಿಮ್ಮ ಪ್ರೈವೇಟ್ ಕೀಯಿಂದ (ನಿಮ್ಮೊಬ್ಬರ ಹತ್ತಿರವೇ ಇರುವ ಗುಟ್ಟಿನ ಸಂಕೇತ) ಡಿಜಿಟಲ್ ಸಹಿ ಮಾಡಿ ಕಳಿಸಿ. ಪ್ರೋಗ್ರಾಂ ಒಳಗೆ ಆ ಸಹಿಯನ್ನು ಪರಿಶೀಲಿಸಲಷ್ಟೇ ಬರುವ ಪಬ್ಲಿಕ್ ಕೀ ಮಾತ್ರ ಇರಲಿ. ಇಂಟರ್ನೆಟ್ ಇಲ್ಲದೆಯೂ ಪರಿಶೀಲನೆ ನಡೆಯುತ್ತದೆ, ಪ್ರೋಗ್ರಾಂ ಬಿಚ್ಚಿ ನೋಡಿದವರಿಗೂ ಹೊಸ ಕೀ ತಯಾರಿಸಲು ಬರುವುದಿಲ್ಲ.

ಪ್ರೋಗ್ರಾಂ ನಿಮ್ಮದೇ ಅಂತ ಸಾಬೀತು ಮಾಡುವ ಕೋಡ್ ಸೈನಿಂಗ್ ಸರ್ಟಿಫಿಕೇಟ್‌ಗೆ ಈಗಲೇ ದುಡ್ಡು ಎತ್ತಿಡಿ. ಅದಿಲ್ಲದಿದ್ದರೆ ವಿಂಡೋಸ್‌ನ ಸುರಕ್ಷತಾ ತಪಾಸಣೆಯಾದ ಸ್ಮಾರ್ಟ್‌ಸ್ಕ್ರೀನ್‌ನ ನೀಲಿ ಎಚ್ಚರಿಕೆ ನೋಡಿಯೇ ಜನ ಹಿಂದೆ ಸರಿಯುತ್ತಾರೆ. 2023ರ ಜೂನ್‌ನಿಂದ ಅದರ ಕೀ ಯುಎಸ್‌ಬಿ ಟೋಕನ್‌ನಂಥ ಹಾರ್ಡ್‌ವೇರ್‌ನಲ್ಲೇ ಇರಬೇಕು, ಟೋಕನ್ ಕೈಸೇರಲು ಸಮಯ ಹಿಡಿಯುತ್ತದೆ. ಹೊಸ ಸರ್ಟಿಫಿಕೇಟ್ ಇದ್ದರೂ ಶುರುವಿನಲ್ಲಿ ಎಚ್ಚರಿಕೆ ಬರಬಹುದು, ಡೌನ್‌ಲೋಡ್ ಹೆಚ್ಚಿದಂತೆ ಹೋಗುತ್ತದೆ. ಅದಕ್ಕೇ ಬಿಡುಗಡೆಗೆ ಕೆಲವು ವಾರ ಮುಂಚೆಯೇ ಸೈನ್ ಮಾಡಿದ ಟ್ರಯಲ್ ಅನ್ನು ಪರಿಚಯದವರಿಗೆ ಹಂಚಲು ಶುರು ಮಾಡಿ.