ವರ್ಗೀಕರಣ, ಹುಲ್ಲುಗಾವಲು, ಶಿಲೀಂಧ್ರ ವಿಷ: ಬಿಎಸ್ಸಿ ಬಾಟನಿ ಪರೀಕ್ಷೆಗೆ ಇವುಗಳಲ್ಲಿ ಯಾವುದನ್ನು ಬಿಡಬಹುದು?

ಯಾವುದನ್ನೂ ಬಿಡಬೇಡಿ. ನಾನು ಬಿಟ್ಟು ಕೆಟ್ಟವನು.

ಕೊನೆಯ ವರ್ಷದಲ್ಲಿ ನಾನೂ ನಿಮ್ಮ ಹಾಗೆಯೇ ಲೆಕ್ಕ ಹಾಕಿದ್ದೆ. ಸಸ್ಯಗಳನ್ನು ವರ್ಗೀಕರಿಸುವ ಬೆಂಥಮ್ ಮತ್ತು ಹುಕರ್ ಪದ್ಧತಿ ಬಾಯಿಪಾಠವಾಗಿತ್ತು. ಮೊದಲು ದ್ವಿದಳ, ನಡುವೆ ಜಿಮ್ನೋಸ್ಪರ್ಮ್ (ಬೀಜ ಹಣ್ಣಿನೊಳಗೆ ಮುಚ್ಚಿರದ ಗಿಡಗಳು), ಆಮೇಲೆ ಏಕದಳ. 1862ರಿಂದ 1883ರವರೆಗೆ ಸಂಪುಟ ಸಂಪುಟವಾಗಿ ಬಂದ ಅವರ ಗ್ರಂಥದಲ್ಲಿ ಹುಲ್ಲಿನ ಕುಟುಂಬ ಕಟ್ಟಕಡೆಯದು. ನಮ್ಮ ಕ್ಲಾಸಿನಲ್ಲೂ ಅದು ಕೊನೆಗೇ ಬಂತು. ಹೂವು ತೀರಾ ಸಣ್ಣದು, ಸೂಜಿ ಹಿಡಿದು ಬಿಡಿಸಲು ಬೇಜಾರು. ದಾಸವಾಳ, ದತ್ತೂರಿ, ತುಂಬೆ ಚೆನ್ನಾಗಿ ಬರುತ್ತವಲ್ಲ, ಹುಲ್ಲು ಬೇಡ ಅಂದುಕೊಂಡೆ.

ಪ್ರಾಕ್ಟಿಕಲ್‌ನಲ್ಲಿ ಕೊಟ್ಟಿದ್ದು ತುಂಗೆ, ಕೆಲವು ಕಡೆ ಜೇಕು ಅಂತಾರೆ. ನೋಡಲು ಹುಲ್ಲಿನ ಹಾಗೇ ಇತ್ತು. ಹುಲ್ಲಿನ ಕುಟುಂಬ ಪೋಯೇಸಿ ಎಂದು ಬರೆದುಬಿಟ್ಟೆ. ತುಂಗೆಯದು ಬೇರೆಯದೇ ಕುಟುಂಬ, ಸೈಪರೇಸಿ. ಕುಟುಂಬವೇ ತಪ್ಪಿದ ಮೇಲೆ ಹೂವಿನ ಸೂತ್ರ, ಚಿತ್ರ, ವಿವರಣೆ ಎಲ್ಲವೂ ತಪ್ಪು. ಆ ಅಂಕ ಹೋಗಿದ್ದಕ್ಕೆ ಆ ವರ್ಷ ಎಂಎಸ್ಸಿ ಸೀಟು ಕೈತಪ್ಪಿತು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನಿಮಗೆ ಹಾಗಾಗಬಾರದು. ಹೂಗೊಂಚಲು ಹೊತ್ತ ದಂಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉರುಳಿಸಿ. ತುಂಗೆಯಾದರೆ ಮೂರು ಅಂಚು ಬೆರಳಿಗೆ ತಾಗುತ್ತವೆ. ಹುಲ್ಲಿನ ದಂಟು ಸಾಮಾನ್ಯವಾಗಿ ಸಲೀಸಾಗಿ ಉರುಳುತ್ತದೆ, ಗಿಣ್ಣು ಎದ್ದು ಕಾಣುತ್ತದೆ. ಮೇಲಿನಿಂದ ನೋಡಿದರೆ ತುಂಗೆಯ ಎಲೆಗಳು ಮೂರು ಸಾಲು, ಹುಲ್ಲಿನವು ಎರಡೇ ಸಾಲು. ಎಲೆಯ ಬುಡ ದಂಟನ್ನು ಸುತ್ತುವ ಕಡೆ ತುಂಗೆಯಲ್ಲಿ ಪೂರ್ತಿ ಮುಚ್ಚಿರುತ್ತದೆ, ಹುಲ್ಲಿನಲ್ಲಿ ಹೆಚ್ಚಾಗಿ ಒಂದು ಬದಿ ತೆರೆದಿರುತ್ತದೆ. ಹುಲ್ಲಿನ ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ. ಒಳಗಡೆ ತೆಳು ಪೊರೆಯೋ ಕೂದಲಿನ ಸಾಲೋ ಕಾಣುತ್ತದೆ, ಅದೇ ಲಿಗ್ಯೂಲ್. ಹೂವಿಗೆ ಸೂಜಿ ಮುಟ್ಟಿಸುವ ಮೊದಲೇ ಉತ್ತರ ಕೈಯಲ್ಲಿರುತ್ತದೆ. ನಾನು ದಂಟನ್ನು ಉರುಳಿಸಿ ನೋಡಲೇ ಇಲ್ಲ.

ಹುಲ್ಲು ಬಿಟ್ಟಿದ್ದಕ್ಕೆ ಉಳಿದೆರಡು ವಿಷಯಗಳಲ್ಲೂ ಪೆಟ್ಟು ತಿಂದೆ. ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಭಾರತದ ಹುಲ್ಲುಗಾವಲುಗಳನ್ನು ಐದು ಬಗೆ ಮಾಡಿದ್ದಾರೆ. ಅದರಲ್ಲಿ ನಾಲ್ಕಕ್ಕೆ ಹುಲ್ಲುಗಳದ್ದೇ ಹೆಸರು. ನಮ್ಮ ಬಯಲುಸೀಮೆಯದು ಸೆಹಿಮಾ-ಡೈಕಾಂತಿಯಂ ಬಗೆ. ನಡೆಯುವಾಗ ಪ್ಯಾಂಟಿಗೆ ಊಬು ಚುಚ್ಚಿಕೊಳ್ಳುತ್ತದಲ್ಲ, ಆ ಹೆಟೆರೊಪೋಗಾನ್ ಕೂಡ ಇದರಲ್ಲೇ ಬರುತ್ತದೆ. ಗಿಡ ನೋಡದೆ ಸುಮ್ನೆ ಹೆಸರು ಉರು ಹೊಡೆದರೆ ಪರೀಕ್ಷೆಯಲ್ಲಿ ಎಲ್ಲಾ ಕಲಸಿಹೋಗುತ್ತವೆ.

ಇನ್ನು ಶಿಲೀಂಧ್ರ ವಿಷ. ಅದು ಬರೀ ಅಣಬೆಯ ಪಾಠ ಅಂದುಕೊಳ್ಳಬೇಡಿ. ಎರ್ಗಾಟ್ ಎಂಬ ಶಿಲೀಂಧ್ರ ಬೆಳೆಯುವುದು ಹುಲ್ಲಿನ ಹೂವಿನಲ್ಲೇ. ಸಜ್ಜೆ ಹೂ ಬಿಟ್ಟಾಗ ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್ ಎಂಬ ಎರ್ಗಾಟ್ ಶಿಲೀಂಧ್ರ ಶಲಾಕಾಗ್ರದ (ಪರಾಗ ಹಿಡಿಯುವ ತುದಿಯ) ಮೂಲಕ ಅಂಡಾಶಯಕ್ಕೆ ಇಳಿಯುತ್ತದೆ. ಕೆಲವು ದಿನಕ್ಕೆ ತೆನೆಯಿಂದ ನಸುಗೆಂಪು ಅಂಟು ಹನಿಹನಿಯಾಗಿ ಜಿನುಗುತ್ತದೆ. ಆಮೇಲೆ ಕಾಳು ಇರಬೇಕಾದ ಜಾಗದಲ್ಲಿ ಗಟ್ಟಿಯಾದ ಕಪ್ಪು ಸ್ಕ್ಲೆರೋಶಿಯಂ, ಅಂದರೆ ಶಿಲೀಂಧ್ರದ ಗಂಟು. ಇಲ್ಲಿ ಜಾಸ್ತಿ ಜನ ತಪ್ಪು ಬರೆಯುತ್ತಾರೆ. ರಕ್ತನಾಳ ಬಿಗಿದು ಕೈಕಾಲು ಕೊಳೆಯುವುದು ಯುರೋಪಿನ ರೈ ಧಾನ್ಯದ ಎರ್ಗಾಟ್‌ನಿಂದ. ಸಜ್ಜೆಯದರಲ್ಲಿ ಇರುವುದು ಕ್ಲಾವಿನ್ ಗುಂಪಿನ ಆಲ್ಕಲಾಯ್ಡ್ ಎಂಬ ವಿಷವಸ್ತು. ಅದರಿಂದ ವಾಂತಿ, ತಲೆಸುತ್ತು, ತೂಕಡಿಕೆ. ಸಜ್ಜೆಯನ್ನು ಉಪ್ಪುನೀರಿಗೆ ಸುರಿದರೆ ಸ್ಕ್ಲೆರೋಶಿಯಂ ತೇಲುತ್ತದೆ, ಒಳ್ಳೆ ಕಾಳು ತಳ ಸೇರುತ್ತದೆ.

1995ರಲ್ಲಿ ಕರ್ನಾಟಕ, ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆಂದು ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಅದಕ್ಕೆ ಫ್ಯುಸೇರಿಯಂ ಬೂಸ್ಟಿನ ಫ್ಯುಮೋನಿಸಿನ್ ಎಂಬ ವಿಷ ಕಾರಣ ಎಂದು ಕಂಡುಕೊಂಡರು. ಜೋಳವೂ ಹುಲ್ಲಿನ ಕುಟುಂಬದ್ದೇ ಅಲ್ವಾ?

ಹಾಗಾಗಿ ಮೂರು ಪಾಠ ಬೇರೆ ಬೇರೆ ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಪೋಯೇಸಿಯಿಂದ ಶುರು ಮಾಡಿ. ಗರಿಕೆ, ತುಂಗೆ, ಒಂದು ಸಜ್ಜೆ ತೆನೆ ಟೇಬಲ್ ಮೇಲಿಟ್ಟು ಬಿಡಿಸಿ ನೋಡಿ. ಅಣಬೆಯದ್ದು ಆಮೇಲೆ ಓದಿದರೂ ನಡೆಯುತ್ತದೆ. ಆದರೆ ಅಮನಿಟಾ ಫಾಲಾಯ್ಡಿಸ್ ಎಂಬ ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿ ಶುರುವಾಗುವುದು ತಿಂದು 6 ಗಂಟೆಯಾದರೂ ಕಳೆದ ಮೇಲೆಯೇ. ಇವೆರಡನ್ನು ಮಾತ್ರ ಬರೆಯದೆ ಬರಬೇಡಿ.