ಬರೀ ಬಯಾಲಜಿ ಮಾರ್ಕ್ಸ್ ಸಾಕಾಗಲ್ಲ

ಬಯಾಲಜಿಯಲ್ಲಿ ಒಳ್ಳೆ ಮಾರ್ಕ್ಸ್ ಇದ್ದರೆ ಅಮೆರಿಕದಲ್ಲಿ ಆಪ್ಟೊಮೆಟ್ರಿ (ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಓದು) ಸೀಟು ಸಿಗುತ್ತಾ ಅಂತ ಕೇಳಿದ್ದೀರಿ, ಅಲ್ವಾ? ಅಷ್ಟೇ ಸಾಲದು. ಅಲ್ಲಿ ಓ.ಡಿ. (ಡಾಕ್ಟರ್ ಆಫ್ ಆಪ್ಟೊಮೆಟ್ರಿ) ಅಂದರೆ ಸಾಮಾನ್ಯವಾಗಿ ಡಿಗ್ರಿ ಆದಮೇಲೆ ಮಾಡುವ 4 ವರ್ಷದ ಕೋರ್ಸು. ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಓದಿರಬೇಕು, ಲ್ಯಾಬ್ ಕೂಡ ಮಾಡಿರಬೇಕು, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಕೇಳುವ ಕಾಲೇಜುಗಳೂ ಇವೆ. ಒಂದೊಂದರ ಪಟ್ಟಿ ಒಂದೊಂದು ಥರ, ಮೊದಲು ಅದನ್ನು ನೋಡಿ.

ಆಪ್ಟೊಮೆಟ್ರಿ ಸೇರೋಕೆ ಬರೆಯುವ ಓ.ಎ.ಟಿ. ಪ್ರವೇಶ ಪರೀಕ್ಷೆಯ ಅಂಕ 200ರಿಂದ 400ರವರೆಗೆ. ನಿಮ್ಮಂಥವರು ಎಡವೋದು ಫಿಸಿಕ್ಸಲ್ಲಿ. ಕಣ್ಣಿನ ಓದು ಅಂದರೆ ಅರ್ಧ ಬೆಳಕಿನ ಓದೇ ತಾನೆ! ಅರ್ಜಿಯನ್ನು ಆಪ್ಟೊಮ್‌ಕ್ಯಾಸ್ ಅನ್ನೋ, ಈ ಕಾಲೇಜುಗಳಿಗೆಲ್ಲ ಒಟ್ಟಿಗೆ ಇರುವ ಆನ್‌ಲೈನ್ ವ್ಯವಸ್ಥೆ ಮೂಲಕ ಹಾಕಬೇಕು. ಬಹಳಷ್ಟು ಕಡೆ ಅರ್ಜಿ ಬಂದ ಹಾಗೆ ಸೀಟು ಕೊಡುತ್ತಾ ಹೋಗುತ್ತಾರೆ, ಹಾಗಾಗಿ ಕೊನೆ ದಿನದವರೆಗೆ ಕಾಯಬೇಡಿ.

ಇನ್ನು ಕ್ಲಿನಿಕ್‌ನಲ್ಲಿ ಡಾಕ್ಟರ್ ಜೊತೆ ಕೂತು ನೋಡೋದು. ಸುಮ್ನೆ ಗಂಟೆ ತುಂಬಿಸೋಕೆ ಹೋಗಬೇಡಿ. ಮಂದ ಬೆಳಕಿನ ರೂಮಲ್ಲಿ ಲೆನ್ಸ್ ತಿರುಗಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಅಂತ ಕೇಳಿದಾಗ ಎಷ್ಟೋ ಜನ ತಪ್ಪು ಹೇಳಿಬಿಡ್ತೀನೇನೋ ಅಂತ ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಾರೆ. ಆಗ ಡಾಕ್ಟರ್ ಏನು ಹೇಳಿ ಸಮಾಧಾನ ಮಾಡುತ್ತಾರೆ, ಬರೆದಿಟ್ಟುಕೊಳ್ಳಿ. ಅರ್ಜಿ ಜೊತೆಗಿನ ಪ್ರಬಂಧಕ್ಕೂ ಇಂಟರ್‌ವ್ಯೂಗೂ ಅದೇ ಬೇಕಾಗೋದು, "ಚಿಕ್ಕಂದಿನಿಂದ ನನಗೆ ಕಣ್ಣು ಅಂದರೆ ಇಷ್ಟ" ಅಂತ ಎಲ್ಲರೂ ಬರೀತಾರೆ.